ಚಿಕ್ಕಮ್ಮ ಹೇಳಿದ ಕ್ಲೈಮ್ಯಾಕ್ಸ್

ಜೆ.ಪಿ. ನಗರದ ನಮ್ಮ ಚಿಕ್ಕಮ್ಮ ಚಿತ್ರರಂಗಕ್ಕೆ ಮಾಡಿರುವಷ್ಟು ನಷ್ಟವನ್ನು ಪೈರಸಿಯವರೂ ಮಾಡಿಲ್ಲ! ಅವರು ಪಾಪ, ಸಿನಿಮಾವನ್ನು ಕದ್ದು ತೋರಿಸುತ್ತಾರೆ, ಅಷ್ಟೇ. ಇವಳು ಸಿನಿಮಾದ ಕೊನೆಯನ್ನು ಕೇಳದವರಿಗೂ ಕರೆದು ಹೇಳುತ್ತಾಳೆ. ಅರವತ್ತೆಂಟು ತುಂಬಿದರೂ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ಅವಳ ಅಪಾರ್ಟ್‌ಮೆಂಟಿನಲ್ಲಿ ಶುಕ್ರವಾರ ಸಂಜೆ ಯಾರೂ ಲಿಫ್ಟ್ ಹತ್ತುವುದಿಲ್ಲ. ನಾಲ್ಕು ಮಹಡಿ ಹತ್ತಿ ಮಂಡಿ ಹೋದರೂ ಸರಿ, ಕೊಟ್ಟ ದುಡ್ಡಿಗೆ ಸಸ್ಪೆನ್ಸ್ ಉಳಿಯಬೇಡವೇ?

ಒಮ್ಮೆ ಬೆಳಗಿನ ಆಟ ಮುಗಿಸಿ ಹೊರಬಂದವಳು, ಮುಂದಿನ ಆಟಕ್ಕೆ ನಿಂತಿದ್ದ ಸಾಲಿನುದ್ದಕ್ಕೂ ಮುಗುಳ್ನಗುತ್ತಾ ಸಮಾಚಾರ ಹಂಚಿದಳು. "ಹೋಗಿ ಹೋಗಿ, ಅಣ್ಣನೇ ಕೊಲೆಗಾರ. ಆದ್ರೂ ಹಾಡುಗಳು ಚೆನ್ನಾಗಿವೆ!"

ಸಾಲಿನಲ್ಲಿದ್ದ ಒಬ್ಬರು ಕೈಮುಗಿದು, "ಆಂಟಿ, ಪಾಪ್‌ಕಾರ್ನ್ ಆದ್ರೂ ನಾವೇ ತಿನ್ಬಹುದಾ?" ಎಂದರು.

ಕಳೆದ ತಿಂಗಳು ನನ್ನನ್ನು ಒಂದು ಭಾರೀ ಐತಿಹಾಸಿಕ ಪ್ರೇಮಕಥೆಗೆ ಎಳೆದುಕೊಂಡು ಹೋದಳು. ದೇವರ ಹೆಸರಿನಲ್ಲಿ ಕಡಿದಾಡುವ ಎರಡು ರಾಜ್ಯಗಳು. ಮೂರು ಗಂಟೆ ಕಡಿದಾಡಿದರೂ ಆ ದೇವರು ಮಾತ್ರ ಎಲ್ಲೂ ಕಾಣಿಸಲಿಲ್ಲ. ಟಿಕೆಟ್ ಸಿಕ್ಕಿರಲಿಕ್ಕಿಲ್ಲ! ಈ ಮತದ ರಾಜಕುಮಾರಿಗೂ ಆ ಮತದ ಸೇನಾಪತಿಗೂ ಪ್ರೇಮ. ಅವರು ಹಾಡುವಾಗ ಎರಡೂ ಸೈನ್ಯಗಳು ಸೌಜನ್ಯದಿಂದ ಯುದ್ಧ ನಿಲ್ಲಿಸುತ್ತಿದ್ದವು. ಕೊನೆಯಲ್ಲಿ ಎರಡೂ ಕಡೆಯ ಬಾಣಗಳು ತಾಗಿ ಪ್ರೇಮಿಗಳಿಬ್ಬರೂ ಸತ್ತರು.

ಹೊರಗೆ ಆಟೋ ಹತ್ತಿದ್ದೇ ತಡ, "ಇಬ್ರೂ ಸತ್ತೋಗ್ತಾರಪ್ಪಾ" ಎಂದು ಚಿಕ್ಕಮ್ಮ ಡ್ರೈವರ್‌ಗೆ ವರದಿ ಒಪ್ಪಿಸಿದಳು.

"ಅಯ್ಯೋ, ಭಾನುವಾರ ಹೆಂಡ್ತೀನ ಕರ್ಕೊಂಡು ಹೋಗೋಣ ಅಂತಿದ್ದೆ ಮೇಡಂ!"

"ಹೋಗಪ್ಪಾ, ಕುದುರೆಗಳು ಚೆನ್ನಾಗಿವೆ."

ಆಟೋ ಬಂದದ್ದು ಜಯನಗರದ ನಮ್ಮ ಮನೆಗೆ. ಚಿಕ್ಕಮ್ಮನ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಇರುವುದು ನಮ್ಮ ಜೊತೆಯಲ್ಲೇ. ಎಪ್ಪತ್ತೆಂಟು ವರ್ಷ, ಕಣ್ಣು ಮಂಜು. ಹಾಗಾಗಿ ನೋಡಿದ ಪ್ರತಿ ಸಿನಿಮಾವನ್ನೂ ಚಿಕ್ಕಮ್ಮ ಬಂದು ಅಕ್ಕನಿಗೆ ಹೇಳಲೇಬೇಕು.

ದೊಡ್ಡಮ್ಮ ಮದುವೆಯಾಗಲಿಲ್ಲ. ಹಿಂದೆ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಾಗ ಅಲ್ಲಿಯ ಗಣಿತದ ಮೇಷ್ಟ್ರನ್ನು ಒಪ್ಪಿದ್ದಳಂತೆ. ನಾವು ವಿಭೂತಿಯವರು, ಅವರು ನಾಮದವರು. ಹಣೆಯ ಮೇಲಿನ ಗೆರೆ ಅಡ್ಡವೋ ಉದ್ದವೋ ಎಂಬುದರ ಮೇಲೆ ಲೋಕ ನಿಂತಿದೆಯಲ್ಲ! ಇಬ್ಬರೂ ಹೋಟೆಲಿನಲ್ಲಿ ಎದುರುಬದುರು ಕೂತು ದೋಸೆ ತಿನ್ನುವುದನ್ನು ಕಂಡ ಚಿಕ್ಕಮ್ಮ, ಚಪ್ಪಲಿ ಬಿಡುವ ಮುಂಚೆಯೇ ಅಜ್ಜನಿಗೆ ಹೇಳಿಬಿಟ್ಟಳು. ನಮ್ಮ ಮನೆಯ ಮತಯುದ್ಧದಲ್ಲಿ ಆನೆ, ಕುದುರೆ ಏನೂ ಇರಲಿಲ್ಲ. ಅಜ್ಜ ಮೂರು ದಿನ ಊಟ ಬಿಟ್ಟರು, ದೊಡ್ಡಮ್ಮ ಸೋತಳು. ಅಕ್ಕತಂಗಿಯರು ಆಮೇಲೆ ಆ ಮಾತೇ ಎತ್ತಲಿಲ್ಲ.

ಅವತ್ತು ದೊಡ್ಡಮ್ಮ ಕೈಯಂದಾಜಿನಲ್ಲೇ ಅವರೆಕಾಳು ಹಿದುಕುತ್ತಾ ಕೂತಿದ್ದಳು. ಚಿಕ್ಕಮ್ಮ ಕಥೆ ಶುರು ಮಾಡಿ, ಇನ್ನೂ ಮೊದಲ ಯುದ್ಧದಲ್ಲೇ ಇದ್ದಳು.

"ಆ ಕಡಿದಾಟ ಎಲ್ಲಾ ಬಿಡೇ," ಎಂದಳು ದೊಡ್ಡಮ್ಮ. "ಕೊನೇಲಿ ಅವರಿಬ್ಬರಿಗೂ ಮದ್ವೆ ಆಯ್ತಾ?"

ಚಿಕ್ಕಮ್ಮನ ಬಾಯಿ ತೆರೆಯಿತು. ಹಾಗೇ ಮುಚ್ಚಿಕೊಂಡಿತು. ಇಂಥದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

"ಆಯ್ತಕ್ಕಾ," ಎಂದಳು ಕೊನೆಗೆ. "ಎರಡೂ ಕಡೆಯೋರು ಬಂದಿದ್ರು. ಊಟಕ್ಕೆ ಚಿರೋಟಿ ಹಾಕ್ಸಿದ್ರು."

ದೊಡ್ಡಮ್ಮನ ಕೈ ನಿಂತಿತು. "ಹಾಗಾದ್ರೆ ಆ ರಾಜಕುಮಾರಿಗೆ ತಂಗಿ ಇರ್ಲಿಲ್ಲ ಅನ್ನು," ಎಂದು ನಕ್ಕಳು.

"ಇದ್ಲಕ್ಕಾ." ಚಿಕ್ಕಮ್ಮ ಅಳುತ್ತಿದ್ದಳು. "ಆದ್ರೆ ಅವ್ಳು ಯಾರಿಗೂ ಹೇಳ್ಲಿಲ್ಲ."

ದೊಡ್ಡಮ್ಮ ಅವರೆ ಸೊಗಡಿನ ಕೈಯಲ್ಲೇ ತಡವಿ ತಂಗಿಯ ತಲೆ ಹುಡುಕಿ, ಮೆಲ್ಲಗೆ ಸವರಿದಳು.

"ಆಗ ನಿಂಗಿನ್ನೂ ಹನ್ನೆರಡು ವರ್ಷ ಕಣೇ."