ತಂತಿಯ ಮೇಲೆ ದೊಡ್ಡಪ್ಪ

ಎಲ್ಲ ಅನಾಹುತಕ್ಕೂ ಕಾರಣ ಒಂದು ಜಗ್ಗು ನೀರು.

ಅಂದು ಸಂಜೆ ಕಾಲೇಜಿನ ಸಭಾಂಗಣದಲ್ಲಿ ತಾನು ಬರೆದದ್ದನ್ನು ಓದಬೇಕಿದ್ದ ಬೆಳದಿಂಗಳು, ಬೆಳಗ್ಗೆ ಎದ್ದವನೇ ಕನ್ನಡಿಯ ಮುಂದೆ ನಿಂತು ಅಭ್ಯಾಸಕ್ಕೆ ಶುರುಮಾಡಿದ. ಓದುತ್ತಾ ಓದುತ್ತಾ ರಂಗೇರಿ ಕೈ ಬೀಸಿದ. ಜಗ್ಗು ಉರುಳಿತು. ಇದ್ದ ಒಂದೇ ಒಂದು ಪ್ರತಿ ಮೇಜಿನ ಮೇಲೆ ತೊಪ್ಪೆಯಾಗಿ ಕೂತಿತು. ಬಾಲ್‌ಪೆನ್ನಿನಲ್ಲಿ ಬರೆದಿದ್ದರಿಂದ ಅಕ್ಷರಗಳೇನೋ ಉಳಿದವು. ಅವೂ ಅಳಿಸಿಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಬೆಳದಿಂಗಳು ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬರವಣಿಗೆಯ ತರಗತಿಯ ಗೆಳೆಯರು ಇಟ್ಟದ್ದು. ವರ್ಷದ ಮೊದಲಲ್ಲಿ ಅವನು ಬಸ್ ನಿಲ್ದಾಣದ ಬಗ್ಗೆ ಒಂದು ಪ್ರಬಂಧ ಬರೆದಿದ್ದ. ಅದರಲ್ಲಿ ಬಸ್ಸು ಒಂದೂ ಇರಲಿಲ್ಲ, ಬೆಳದಿಂಗಳು ಮಾತ್ರ ಸಾಲುಸಾಲಿಗೂ ಸುರಿದಿತ್ತು. ಅವರ ಮೇಡಂಗೆ ಒಂದು ಪದ್ಧತಿಯಿತ್ತು. ಬರೆದವನು ಎಲ್ಲಿ ಸುಳ್ಳು ಹೇಳುತ್ತಿದ್ದಾನೆ ಅನ್ನಿಸುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಒಂದು ಸೊನ್ನೆ ಸುತ್ತುವರು, ಒಂದು ಮಾತೂ ಬರೆಯುವುದಿಲ್ಲ. ಅವನ ಪ್ರಬಂಧ ಹಿಂದಿರುಗಿ ಬಂದಾಗ ಹಾಳೆ ತುಂಬ ಗುಳ್ಳೆ ಎದ್ದಂತಿತ್ತು. ಹುಡುಗ ಮೂರು ದಿನ ಮುಖ ಊದಿಸಿಕೊಂಡಿದ್ದ.

ಆದರೆ ಹಟ ಬಿಡಲಿಲ್ಲ. ಸೊನ್ನೆ ಬಿದ್ದಲ್ಲೆಲ್ಲ ಹರಿದು ಮತ್ತೆ ಬರೆದ. ಚಂದ್ರ ಹೋದ, ಕಣ್ಣೀರಿನ ಕಡಲು ಹೋಯಿತು, ಹೃದಯದ ವೀಣೆಯೂ ಹೋಯಿತು. ಉಳಿದದ್ದು ಕಣ್ಣಿಗೆ ಕಂಡದ್ದು ಮಾತ್ರ. ವರ್ಷದ ಕೊನೆಯ ಬರಹದಲ್ಲಿ ಒಂದೇ ಒಂದು ಸೊನ್ನೆಯೂ ಇರಲಿಲ್ಲ.

"ಇವರು ಯಾರು?" ಎಂದು ಮೇಡಂ ಕೇಳಿದರು.

"ನಮ್ಮ ದೊಡ್ಡಪ್ಪ, ಮೇಡಂ. ಅವರ ಮನೇಲಿದ್ದುಕೊಂಡೇ ಓದ್ತಿರೋದು."

"ನಮ್ಮ ಪದ್ಧತಿ ಗೊತ್ತಲ್ಲ? ಯಾರ ಬಗ್ಗೆ ಬರೆದಿದ್ದೀಯೋ ಅವರನ್ನ ಮುಂದಿನ ಸಾಲಲ್ಲಿ ಕೂರಿಸಿ ಓದಬೇಕು. ಧೈರ್ಯ ಇದ್ಯಾ?"

"ಇದೆ ಮೇಡಂ." ಆಗ ನಿಜಕ್ಕೂ ಇತ್ತು.

ದೊಡ್ಡಪ್ಪ ಕ್ಷೌರಿಕರು. ಅವರ ಸಲೂನು ಮನೆಯಿದ್ದ ಕಟ್ಟಡದಲ್ಲೇ, ಕೆಳಗಿನ ಅಂತಸ್ತಿನಲ್ಲಿತ್ತು. ಮದುವೆಯ ಗೋಜಿಗೆ ಹೋಗದ ಮನುಷ್ಯ, ಕಟ್ಟಡದವರೇ ಅವರಿಗೆ ಸಂಸಾರ. ಈಚೆಗೆ ಅವರ ಬಲಗೈ ನಡುಗಲು ಶುರುವಾಗಿತ್ತು. ಕಟ್ಟಡದ ಗಂಡಸರೆಲ್ಲ ಕೂದಲನ್ನು ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ ಮಾಡಿಕೊಂಡು ಬರುತ್ತಿದ್ದರು. "ಭೇಷಾಗಿದೆ ದೊಡ್ಡಪ್ಪ" ಎಂದು ಹೊಗಳಿ, ಸಂದಿಯಲ್ಲಿ ನುಸುಳಿ, ಹಿಂದಿನ ಬೀದಿಯ ಇನ್ನೊಂದು ಸಲೂನಿಗೆ ಹೋಗಿ ರಿಪೇರಿ ಮಾಡಿಸಿಕೊಳ್ಳುತ್ತಿದ್ದರು. ದೊಡ್ಡಪ್ಪನೆದುರು ಮಾತ್ರ ಯಾರೂ ತುಟಿ ಬಿಚ್ಚಿರಲಿಲ್ಲ. ಬೆಳದಿಂಗಳು ಬರೆದದ್ದು ಇದನ್ನೇ.

ಈಗ ಆ ದೊಡ್ಡಪ್ಪ ಒದ್ದೆಯಾಗಿದ್ದರು. ಅವನು ಹಾಳೆಗಳನ್ನು ಮೆಲ್ಲಗೆ ಎತ್ತಿಕೊಂಡು ತಾರಸಿಗೆ ಓಡಿದ. ಬಟ್ಟೆ ಒಣಹಾಕುವ ತಂತಿಗೆ ಒಂದೊಂದು ಹಾಳೆಗೆ ಒಂದೊಂದು ಕ್ಲಿಪ್ಪು ಸಿಕ್ಕಿಸಿ, ಸ್ನಾನಕ್ಕೆ ಇಳಿದುಹೋದ. ಇಡೀ ಕಟ್ಟಡಕ್ಕೆ ಇರುವುದು ಅದೊಂದೇ ತಂತಿ ಎನ್ನುವುದು ತಲೆಗೆ ಸೋಪು ಹಚ್ಚಿಕೊಂಡಾಗ ಹೊಳೆಯಿತು. ಅರ್ಧಂಬರ್ಧ ಮಿಂದು ಮೇಲೆ ಬಂದ.

ಎದುರು ಮನೆಯ ಬಸ್ ಕಂಡಕ್ಟರ್ ಒಂದು ಹಾಳೆಗೆ ಮೂಗು ತಾಗಿಸಿಕೊಂಡು ನಿಂತಿದ್ದ.

"ಏನಪ್ಪಾ ಇದು? 'ಕಂಡಕ್ಟರ ಎಡ ಕೆನ್ನೆಗೂದಲು ಕಿವಿಯ ಹತ್ತಿರವೇ ಇಳಿದುಬಿಡುತ್ತದೆ, ಬಲ ಕೆನ್ನೆಗೂದಲು ಕೊನೆಯ ಸ್ಟಾಪಿನವರೆಗೂ ಹೋಗುತ್ತದೆ.' ನಾನೇನು ನಿನ್ನ ತಲೆ ಮೇಲೆ ಬಸ್ಸು ಹತ್ತಿಸಿದ್ನಾ?"

"ಅಣ್ಣಾ, ಅದು ಪ್ರೀತಿಯಿಂದ ಬರೆದದ್ದು."

"ಪ್ರೀತಿಯಂತೆ! ದೊಡ್ಡಪ್ಪ ಇದನ್ನ ಕೇಳಿದ್ರೆ ಎದೆ ಒಡ್ಕೊಂಡು ಸತ್ತೇ ಹೋಗ್ತಾರೆ. ನಾವೆಲ್ಲ ಹೊಟ್ಟೆಯಲ್ಲಿ ಹಾಕ್ಕೊಂಡು ಕೂತಿದ್ದೀವಿ, ನೀನು ಮೈಕಲ್ಲಿ ಹೇಳ್ತೀಯಾ?" ಹೀಗೆಂದವನು ಪಕ್ಕದಲ್ಲಿ ಹಾರಾಡುತ್ತಿದ್ದ ಬಿಳಿ ಟವೆಲಿಗೆ ಬೆವರು ಒರೆಸಿಕೊಂಡು, ತನ್ನ ಹಾಳೆಯನ್ನು ಟಿಕೆಟ್ ಹರಿಯುವಷ್ಟೇ ಸಲೀಸಾಗಿ ಹರಿದು ಜೇಬಿಗೆ ಹಾಕಿಕೊಂಡ.

ಮಾತು ಮೆಟ್ಟಿಲಿಳಿಯಲು ಎಷ್ಟು ಹೊತ್ತು? ಕೆಳಗಿನ ಮನೆಯ ರಿಟೈರ್ಡ್ ಹೆಡ್‌ಮಾಸ್ಟರು ಏದುಸಿರು ಬಿಡುತ್ತಾ ಹತ್ತಿ ಬಂದರು. ಬಿಸಿಲಿನಲ್ಲೂ ಉಣ್ಣೆಯ ಟೋಪಿ. ಅದರೊಳಗೆ ಏನಿದೆ ಎಂದು ಎರಡನೇ ಹಾಳೆಯಲ್ಲಿ ವಿವರವಾಗಿ ಬರೆದಿತ್ತು. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು.

"ಶೈಲಿ ಚೆನ್ನಾಗಿದೆ. ಮೊದಲಿನ ಹಾಗೆ ಅಲ್ಲ, ಬಹಳ ಸುಧಾರಿಸಿದ್ದೀಯ," ಎಂದರು. ಅವನ ಮುಖ ಅರಳುವಷ್ಟರಲ್ಲಿ ಹಾಳೆಯನ್ನು ಮಡಚಿ ಟೋಪಿಯೊಳಗೆ ಸೇರಿಸಿಬಿಟ್ಟರು. "ಆದ್ರೆ ನಿಜ ಹೇಳೋಕೆ ಒಂದು ಹೊತ್ತು ಗೊತ್ತು ಇರುತ್ತೆ ಕಣೋ."

"ಯಾವಾಗ ಸಾರ್?"

"ಇವತ್ತಂತೂ ಅಲ್ಲ."

ಮೂರನೆಯವರು ಮೇಲಿನ ಮನೆಯ ನರ್ಸಕ್ಕ. ದೊಡ್ಡಪ್ಪನ ಗಿರಾಕಿಗಳ ಕಿವಿಗೆ ಹತ್ತಿ ಒತ್ತಿ, ಪ್ಲಾಸ್ಟರ್ ಅಂಟಿಸಿ, "ಬಾಗಿಲು ತಗುಲಿತು ಅನ್ನಿ" ಎಂದು ಹೇಳಿಕೊಡುತ್ತಿದ್ದವರು. ಅವರು ಕೂಗಾಡಲಿಲ್ಲ. ಕಣ್ಣು ತುಂಬಿಕೊಂಡರು. "ನಿನ್ನನ್ನ ತಮ್ಮ ಅಂತ ತಿಳ್ಕೊಂಡಿದ್ದೀನಿ ಕಣೋ. ಇದೊಂದು ಬೇಡ" ಎಂದರು. ಕೂಗಿಗೆ ಜಗ್ಗದವನು ಕಣ್ಣೀರಿಗೆ ಜಗ್ಗಿದ. ಅವರ ಪ್ಲಾಸ್ಟರಿನ ವಿಷಯ ಬರೆದಿದ್ದ ಹಾಳೆಯನ್ನು ತಾನೇ ಬಿಡಿಸಿ ಕೊಟ್ಟ.

ಉಳಿದದ್ದು ಕೊನೆಯ ಹಾಳೆ. ಅದನ್ನು ಯಾರೂ ಕೇಳಲಿಲ್ಲ, ಏಕೆಂದರೆ ಅದರಲ್ಲಿ ಅವರ್‍ಯಾರೂ ಇರಲಿಲ್ಲ. ಒಂದು ಸಂಜೆ ಗಿರಾಕಿಗಳಿಲ್ಲದಾಗ ದೊಡ್ಡಪ್ಪ ಎಡಗೈಯಲ್ಲಿ ಬಲಮಣಿಕಟ್ಟು ಹಿಡಿದುಕೊಂಡು, ಹಳೇ ಪೇಪರನ್ನು ನೆಟ್ಟಗೆ ಕತ್ತರಿಸಲು ನೋಡುತ್ತಿದ್ದುದನ್ನು ಅವನು ಕಿಟಕಿಯಿಂದ ಕಂಡಿದ್ದ. ಗೆರೆ ನೆಟ್ಟಗೆ ಬರಲಿಲ್ಲ. ಅವರು ಆ ತುಂಡುಗಳನ್ನು ಕಸದ ಬುಟ್ಟಿಗೆ ಹಾಕದೆ ಜೇಬಿಗೆ ಹಾಕಿಕೊಂಡಿದ್ದರು. ಅಷ್ಟೇ ಬರೆದಿದ್ದ. ಅವನ ಒಂದು ವರ್ಷದ ಬರವಣಿಗೆಯೆಲ್ಲ ಆ ಒಂದು ಪುಟದಲ್ಲಿತ್ತು.

ಹಾಳೆಯನ್ನು ಬಿಡಿಸುವಾಗ ಅದಕ್ಕೆ ಎರಡು ಕ್ಲಿಪ್ಪುಗಳಿದ್ದವು. ಒಂದು ಅವನು ಹಾಕಿದ್ದು, ಇನ್ನೊಂದು ಉದ್ದ ಮೂತಿಯ ತಗಡಿನ ಕ್ಲಿಪ್ಪು. ಅಂಥವೇ ಇನ್ನಷ್ಟು ಖಾಲಿ ತಂತಿಯ ಮೇಲೂ ಉಳಿದಿದ್ದವು. ಅವನಿಗೆ ಯೋಚಿಸುವ ವ್ಯವಧಾನ ಎಲ್ಲಿತ್ತು? ಎಲ್ಲವನ್ನೂ ಬಾಚಿ ಜೇಬಿಗೆ ಸುರಿದುಕೊಂಡ.

ಸಂಜೆ ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು. ದಾರಿಯುದ್ದಕ್ಕೂ ಎಂದೂ ಇಲ್ಲದ ಲವಲವಿಕೆ. "ಗಟ್ಟಿಯಾಗಿ ಓದು, ಹಿಂದಿನವರಿಗೂ ಕೇಳಿಸಲಿ" ಎಂದು ಎರಡೆರಡು ಸಲ ಹೇಳಿದರು. ಪಾಪ, ಇವರಿಗೇನು ಗೊತ್ತು ಎಂದುಕೊಂಡ ಹುಡುಗ.

ಸಭಾಂಗಣದ ಮುಂದಿನ ಸಾಲಿನಲ್ಲಿ ದೊಡ್ಡಪ್ಪ. ಅವರ ಹಿಂದೆ ಕಂಡಕ್ಟರು, ಹೆಡ್‌ಮಾಸ್ಟರು, ನರ್ಸಕ್ಕ ಕಾವಲು ಕೂತಿದ್ದರು. ಮೂಲೆಯಲ್ಲಿ ಮೇಡಂ, ಕೈಯಲ್ಲಿ ಪೆನ್ಸಿಲು. ಬೆಳದಿಂಗಳು ಕೊನೆಯ ಹಾಳೆಯನ್ನು ಹಿಡಿದು ಎದ್ದು ನಿಂತ. ಇದೊಂದನ್ನಾದರೂ ಓದಿಯೇ ಸಿದ್ಧ ಎಂದುಕೊಂಡಿದ್ದ. ತಲೆ ಎತ್ತಿದಾಗ ದೊಡ್ಡಪ್ಪ ಎರಡೂ ಕೈಗಳನ್ನು ಮಂಡಿಗಳ ನಡುವೆ ಅದುಮಿಟ್ಟುಕೊಂಡು, ಅವನನ್ನೇ ನೋಡುತ್ತಿದ್ದರು. ಹಾಳೆಯನ್ನು ಮಡಚಿ ಜೇಬಿಗಿಟ್ಟ. ಈ ಹಾಳೆಯನ್ನು ಯಾರೂ ಕಿತ್ತುಕೊಂಡಿರಲಿಲ್ಲ, ಇದು ಅವನದೇ ಕೆಲಸ.

"ನಮ್ಮ ದೊಡ್ಡಪ್ಪನ ಕೈ," ಎಂದು ಬಾಯಿಗೆ ಬಂದಂತೆ ಶುರುಮಾಡಿದ. "ನಮ್ಮ ದೊಡ್ಡಪ್ಪನ ಕೈ ಬೆಟ್ಟದಂತೆ ಅಚಲ. ಕತ್ತರಿ ಹಿಡಿದರೆ ಬೆಳದಿಂಗಳು ಸುರಿದಂತೆ..."

ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿರಲಿಲ್ಲ. ವರ್ಷವೆಲ್ಲ ಹೊರಗಟ್ಟಿದ್ದ ಚಂದ್ರ, ಕಡಲು, ವೀಣೆ ಎಲ್ಲ ನೆಂಟರ ಹಾಗೆ ಒಟ್ಟಿಗೇ ಒಳನುಗ್ಗಿದವು. ಹಿಂದಿನ ಸಾಲು ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೇಡಂ ಸೊನ್ನೆ ಸುತ್ತಲಿಲ್ಲ. ಪೆನ್ಸಿಲನ್ನು ಚೀಲಕ್ಕೆ ಹಾಕಿಕೊಂಡು, "ಚೆನ್ನಾಗಿ ಓದಿದೆ" ಎಂದಷ್ಟೇ ಹೇಳಿ ಹೊರಟುಹೋದರು. ಬೈದಿದ್ದರೆ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ವಾಪಸು ಬರುವಾಗ ದೊಡ್ಡಪ್ಪ ಹೆಜ್ಜೆ ಎಳೆಯುತ್ತಾ ನಡೆದರು. ಮನೆಗೆ ಹತ್ತುವ ಬದಲು ಸಲೂನಿನ ಬಾಗಿಲು ತೆಗೆದು ದೀಪ ಹಾಕಿದರು. "ಕೂತ್ಕೋ. ನಿನ್ನ ಕೂದಲು ಬಹಳ ಬೆಳೆದಿದೆ."

ಅವನು ಕೂತ. ಬೀರುವಿನ ಮೇಲಿನ ಪೆಟ್ಟಿಗೆಯನ್ನು ಇಳಿಸಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕತ್ತರಿಯನ್ನು ಅವರು ಹೊರತೆಗೆದರು. ದಿನಾ ಮೊಳೆಗೆ ನೇತಾಡುವ ಕತ್ತರಿ ಪೆಟ್ಟಿಗೆಗೆ ಯಾಕೆ ಹೋಗಿತ್ತು ಎಂದು ಅವನಿಗೆ ತಿಳಿಯಲಿಲ್ಲ. ಕಿವಿಯ ಹತ್ತಿರ ಕಟಕಟ ಸದ್ದು ನಡುಗುತ್ತಾ ಸುಳಿದಾಡಿತು. ಕೊನೆಗೆ ದೊಡ್ಡಪ್ಪ ಕನ್ನಡಿ ತೋರಿಸಿ ಕೇಳಿದರು:

"ಎರಡೂ ಕಡೆ ಸಮ ಇದ್ಯಾ?"

ಕನ್ನಡಿಯಲ್ಲಿ ಒಂದು ಕಡೆ ಹುಲ್ಲುಗಾವಲು, ಒಂದು ಕಡೆ ಬಯಲು. ಬಾಗಿಲ ಗಾಜಿನಾಚೆ ಮೂರು ತಲೆಗಳು 'ಹೂಂ ಅನ್ನು, ಹೂಂ ಅನ್ನು' ಎಂದು ಜೋರಾಗಿ ಆಡುತ್ತಿದ್ದವು.

"ಸಮ ಇದೆ ದೊಡ್ಡಪ್ಪ."

"ಹಾಗಾದ್ರೆ ನನ್ನ ಕ್ಲಿಪ್ಪುಗಳನ್ನ ವಾಪಸು ಕೊಡು."

"ಯಾವ ಕ್ಲಿಪ್ಪು?"

"ಬೆಳಗ್ಗೆ ಟವೆಲ್ ಒಣಹಾಕೋಕೆ ಬಂದಾಗ ನಿನ್ನ ಹಾಳೆಗಳಿಗೆ ಹಾಕಿದ್ನಲ್ಲ. ಗಾಳಿ ಜೋರಾಗಿತ್ತು. ಅಷ್ಟು ಚೆನ್ನಾಗಿ ಬರೆದದ್ದು ಹಾರಿಹೋಗಬಾರದು ಅಂತ."

ಅವನ ಕೈ ಜೇಬಿಗೆ ಹೋಗಿ ಅಲ್ಲೇ ನಿಂತಿತು. ಬೆರಳಿಗೆ ಸಿಕ್ಕವು ದೊಡ್ಡಪ್ಪ ಗಿರಾಕಿಗಳ ಕೂದಲು ಎತ್ತಿ ಹಿಡಿಯುವ ತಗಡಿನ ಕ್ಲಿಪ್ಪುಗಳು.

"ಎಲ್ಲಾ ಓದಿದ್ರಾ?"

"ಕೊನೇ ಹಾಳೆ ಎರಡು ಸಲ ಓದಿದೆ." ದೊಡ್ಡಪ್ಪ ಕತ್ತರಿಯನ್ನು ಒರೆಸಿದರು. "ಯಾರಾದ್ರೂ ಒಬ್ಬರು ಬಾಯಿ ಬಿಟ್ಟು ಹೇಳಲಿ, ಅಂಗಡಿ ಮುಚ್ಚಿ ಆರಾಮಾಗಿರೋಣ ಅಂತ ಎಷ್ಟು ದಿನದಿಂದ ಕಾಯ್ತಿದ್ದೆ ಗೊತ್ತಾ? ನಾನಾಗಿ ಮುಚ್ಚಿದ್ರೆ ಇವರೆಲ್ಲ ತಮ್ಮಿಂದಾಗಿಯೇ ಅಂತ ಕೊರಗ್ತಾರೆ. ಇವತ್ತು ನೀನು ಎಲ್ಲರೆದುರು ಓದ್ತೀಯ ಅಂತ ಕತ್ತರೀನೂ ಪೆಟ್ಟಿಗೇಲಿ ಇಟ್ಟು ಬಂದಿದ್ದೆ."

"ಈಗ್ಲೂ ಮುಚ್ಚಬಹುದಲ್ಲ ದೊಡ್ಡಪ್ಪ?"

"ಹೇಗಪ್ಪಾ ಮುಚ್ಚಲಿ? ಅಷ್ಟು ಜನರ ಎದುರು ನೀನು ನನ್ನ ಕೈನ ಬೆಟ್ಟ ಅಂದುಬಿಟ್ಟೆ. ಇವರೆಲ್ಲ ಎದ್ದು ನಿಂತು ಚಪ್ಪಾಳೆ ಬೇರೆ ಹೊಡೆದರು."

ಬಾಗಿಲು ತಳ್ಳಿಕೊಂಡು ಕಂಡಕ್ಟರ್ ತಲೆ ಹಾಕಿದ. "ದೊಡ್ಡಪ್ಪಾ, ನಾಳೆ ಬೆಳಗ್ಗೆ ನಂದು ಮೊದಲು!" ಅವನ ಹಿಂದೆ ಹೆಡ್‌ಮಾಸ್ಟರು ಟೋಪಿ ಎತ್ತಿ ತಮ್ಮ ಸರದಿಯನ್ನೂ ಹೇಳಿಕೊಂಡರು. ದೊಡ್ಡಪ್ಪ ನಗುತ್ತಾ ತಲೆಯಾಡಿಸಿದರು. ಆ ನಗುವಿನಲ್ಲಿದ್ದ ಆಯಾಸ ಬೆಳದಿಂಗಳಿಗೆ ಸ್ಪಷ್ಟವಾಗಿ ಕಂಡಿತು. ಅಂಥದ್ದನ್ನು ನೋಡಲು ಅವನು ಒಂದು ವರ್ಷ ಕಷ್ಟಪಟ್ಟು ಕಲಿತಿದ್ದ, ಬೇಕಾದ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿದ್ದ. ಜಗತ್ತಿನಲ್ಲಿ ಒಬ್ಬರೇ ಒಬ್ಬರು ಅವನ ನಿಜಕ್ಕಾಗಿ ಕಾದು ಕೂತಿದ್ದರು, ಅವರಿಗೇ ಸುಳ್ಳು ಓದಿದ್ದ. ಅವನಿಗೆ ಅಳು ಒತ್ತರಿಸಿಕೊಂಡು ಬಂತು.

"ದೊಡ್ಡಪ್ಪಾ," ಎಂದ ಕೊನೆಗೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಸಮ ಇಲ್ಲ. ಒಂಚೂರೂ ಸಮ ಇಲ್ಲ."

ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಹೌದಾ? ಹಾಗಾದ್ರೆ ಈ ಕಡೆ ಇನ್ನೊಂದಿಷ್ಟು ತೆಗೀತೀನಿ," ಎಂದು ಮತ್ತೆ ಕತ್ತರಿ ಎತ್ತಿಕೊಂಡರು. "ಅಲ್ಲಾಡಬೇಡ."