ಮಾಮಾನ ಕೋಲು, ಅತ್ತಿಯ ಹತ್ತಿ

ನಮ್ಮ ಮಾಮಾ ಬೇವಿನ ಕೋಲು ಕಚ್ಚಿಕೊಂಡು ಸಿಮೆಂಟ್ ಕಾರ್ಖಾನೆ ನಡೆಸುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ಪರವಾಗಿಲ್ಲ, ಮೊದಲ ದಿನ ನಾನೂ ನಂಬಿರಲಿಲ್ಲ!

ನಿಜಾಮನ ಮೇಲಿನ ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ಮೂರು ವರ್ಷವಾಗಿತ್ತು. ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನನ್ನನ್ನು ಕಾಲೇಜಿನವರು ಆರು ವಾರದ ತರಬೇತಿಗೆಂದು ಶಹಾಬಾದಿಗೆ ಅಟ್ಟಿದರು. ಅಲ್ಲಿ ಗಿರಣಿ ವಿಭಾಗದ ಮೇಸ್ತ್ರಿ ಬೇರಾರೂ ಅಲ್ಲ, ನನ್ನ ಸೋದರಮಾವ. ಅವರ ದಸ್ಕತ್ತಿನ ಸರ್ಟಿಫಿಕೇಟ್ ತರದಿದ್ದರೆ ಪರೀಕ್ಷೆಗೇ ಕೂಡಿಸುವುದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿದ್ದರು. ಊಟ, ವಸತಿ ಎಲ್ಲ ಮಾಮಾನ ಮನೆಯಲ್ಲೇ, ಇನ್ನು ದಸ್ಕತ್ತಿಗೇನು ಬರಗಾಲ ಎಂದು ನಾನು ಮೀಸೆ ತಿರುವಿದೆ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಅದು ಬೇರೆ ಮಾತು.

ಗಿರಣಿ ಎಂದರೆ ಜೋಳ ಬೀಸುವ ಗಿರಣಿಯಲ್ಲ. ಮನೆಯಷ್ಟು ದೊಡ್ಡ ಉಕ್ಕಿನ ಪೀಪಾಯಿ, ಒಳಗೆ ರಾಶಿ ರಾಶಿ ಕಬ್ಬಿಣದ ಗುಂಡು. ಅದು ತಿರುಗಿದರೆ ಸುಟ್ಟ ಕಲ್ಲು ಹಿಟ್ಟಾಗುತ್ತದೆ. ಸದ್ದು ಎಂಥದ್ದು ಅಂತೀರಿ! ಮಾಮಾ ಈ ಪೀಪಾಯಿಯನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. "ಯಾಕ್ರಿ ಅಕ್ಕಾರೇ, ಇವತ್ತ ಮೈಯಾಗ ಆರಾಮಿಲ್ಲೇನು?" ಎನ್ನುತ್ತ ಕೋಲಿನ ಒಂದು ತುದಿಯನ್ನು ಬೇರಿಂಗಿಗೆ ಆನಿಸಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚುವರು. ಉಳಿದ ಮೇಸ್ತ್ರಿಗಳು ಕೋಲನ್ನು ಕಿವಿಗೆ ಹಚ್ಚಿ ಆಲಿಸಿದರೆ ಇವರೊಬ್ಬರೇ ಕಚ್ಚುವವರು! ಯಂತ್ರಕ್ಕೆ ಇಷ್ಟು ಮರ್ಯಾದೆ ಕೊಡುವವರು ಸೂಟುಬೂಟಿನ ದೊಡ್ಡ ಇಂಜಿನಿಯರ್ ಸಾಹೇಬರನ್ನು ಮಾತ್ರ "ಏ ತಮ್ಮಾ" ಎಂದೇ ಕರೆಯುತ್ತಿದ್ದರು.

ಒಮ್ಮೆ ಸಾಹೇಬರು ಮೀಟರು ನೋಡಿ, ಎಲ್ಲ ಸರಿಯಿದೆ ಎಂಬಂತೆ ತಲೆಯಾಡಿಸಿದರು. ಮಾಮಾ ಬಾಯಿಂದ ಕೋಲು ತೆಗೆದು ಗುಡುಗಿದರು: "ಏ ತಮ್ಮಾ, ಬಂದ್ ಮಾಡಿಸು! ಅಕ್ಕಾರು ಹಲ್ಲು ಕಡೀಲಿಕತ್ತಾರ!" ಬಿಚ್ಚಿ ನೋಡಿದರೆ ಬೇರಿಂಗಿನಲ್ಲಿ ಕೂದಲೆಳೆಯಷ್ಟು ಬಿರುಕು. ಮರುದಿನ ಸಾಹೇಬರೂ ಒಂದು ಬೇವಿನ ಕೋಲು ಕಡಿಸಿಕೊಂಡು ಬಂದರು!

ಯಾರೇ ಮಾತಾಡಲಿ, ಮಾಮಾ ಅವರ ಬಾಯನ್ನೇ ದಿಟ್ಟಿಸುತ್ತಿದ್ದರು. ನನ್ನ ಹಲ್ಲಿನಲ್ಲಿ ಪುಂಡಿಪಲ್ಯ ಸಿಕ್ಕಿರಬೇಕೆಂದು ನಾನು ದಿನಕ್ಕೆ ನಾಲ್ಕು ಸಲ ಕನ್ನಡಿ ನೋಡಿಕೊಂಡೆ. ಇದಕ್ಕಿಂತ ದೊಡ್ಡ ಪೀಡೆ ಹತ್ತಿಯದು. ದಿನಾ ಬೆಳಿಗ್ಗೆ ಗೇಟಿನಲ್ಲಿ ಎರಡು ಉಂಡೆ ಹತ್ತಿ ಕೈಗಿಟ್ಟು, "ಅಳಿಯಾ, ಕಿವಿಯಾಗ ಇಟ್ಕೋ" ಎನ್ನುವರು. ಅದು ಮಾಮಾನ ಹೆಂಡತಿ, ಅಂದರೆ ನಮ್ಮ ಅತ್ತಿ, ದೇವರ ಬತ್ತಿಗೆಂದು ಬಿಡಿಸಿಟ್ಟ ಹತ್ತಿ! "ನಿಮ್ಮ ಮಾಮಾ ದೇವರ ಹತ್ತಿ ಒಯ್ದು ಏನ್ ಮಾಡ್ತಾರೋ ಯಪ್ಪಾ? ಗಾದಿ ಹೊಲಿಸ್ಲಿಕತ್ತಾರೇನು?" ಎಂದು ಅತ್ತಿ ನಗುತ್ತಿದ್ದರು. ಕಿವಿಗೆ ಹತ್ತಿ ತುರುಕಿಕೊಳ್ಳಲು ನಾನೇನು ಬಾಣಂತಿಯೇ? ಗೇಟು ದಾಟಿದ್ದೇ ಬಿಸಾಕುತ್ತಿದ್ದೆ.

ಕೊನೆಯ ದಿನ ಬಂತು. ಸಂಜೆಗೆ ನನ್ನ ರೈಲು. ಮಾಮಾ ಸರ್ಟಿಫಿಕೇಟ್ ಮುಂದಿಟ್ಟುಕೊಂಡು ಪೆನ್ನು ಎತ್ತಿದರು, ನನ್ನ ಕಿವಿ ನೋಡಿದರು, ಪೆನ್ನು ಕೆಳಗಿಟ್ಟರು.

"ಹತ್ತಿ ಎಲ್ಲ್ಯದ?"

"ಬಿದ್ದು ಹೋಗ್ಯದ ಮಾಮಾ."

"ಆರು ವಾರ ದಿನಾ ಬೀಳ್ತದೇನು? ದಸ್ಕತ್ ಹಾಕಂಗಿಲ್ಲ, ಹೋಗು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಹಂಗಾದ್ರ ನೀವ್ಯಾಕ ಇಟ್ಕೊಳ್ಳಂಗಿಲ್ಲ?" ಎಂದು ಕೇಳಿಯೇಬಿಟ್ಟೆ.

ನನ್ನ ಬಾಯನ್ನೇ ನೋಡುತ್ತಿದ್ದ ಮಾಮಾ ಮೊದಲ ಸಲ ಮೆಲ್ಲಗೆ ಮಾತಾಡಿದರು.

"ಇಟ್ಕೊಂಡು ಏನ್ ಮಾಡ್ಲಿ? ಒಳಗ ಏನೂ ಉಳಿದಿಲ್ಲೋ. ಈ ಸದ್ದು ಎಲ್ಲಾ ತಿಂದುಬಿಟ್ಟದ. ನಿಮ್ಮತ್ತಿ ನಗೋದು ಕಾಣ್ತದ, ಕೇಳಿ ಏಳೆಂಟು ವರ್ಷ ಆತು. ಕೋಲು ಕಚ್ಚಿದ್ರ ಅಕ್ಕಾರ ದನಿ ಹಲ್ಲಿನಾಗ ಬರ್ತದ. ಆಕಿ ದನಿ ಕೇಳಬೇಕಂದ್ರ ಏನು ಕಚ್ಚಲಿ, ನೀನೇ ಹೇಳು."

ನಾನು ಕೈ ಚಾಚಿದೆ. ಮಾಮಾನ ಜೇಬಿನಿಂದ ಎರಡು ಉಂಡೆ ಬಂದವು. ಬಾಣಂತಿಯ ಹಾಗೆ ಎರಡೂ ಕಿವಿಗೆ ತುಂಬಿಕೊಂಡೆ. ಆಮೇಲೆಯೇ ಮಾಮಾ ದಸ್ಕತ್ ಹಾಕಿದ್ದು.

ಸಂಜೆ ಅತ್ತಿ ನನಗೆ ಬುತ್ತಿ ಕಟ್ಟುತ್ತ ಏನೋ ಹೇಳಿ ಜೋರಾಗಿ ನಕ್ಕರು. ಮಾಮಾ ಬಾಗಿಲಲ್ಲಿ ನಿಂತು ಅವರ ಬಾಯನ್ನೇ ನೋಡುತ್ತಿದ್ದರು. ಆ ದಿನ ನಾನು ಕನ್ನಡಿ ಹುಡುಕಲಿಲ್ಲ. ಕಿವಿಯಿಂದ ಹತ್ತಿ ತೆಗೆದು, ಆ ನಗುವನ್ನು ಇಬ್ಬರ ಪಾಲಿಗೂ ಕೇಳಿಸಿಕೊಂಡೆ.