ಕಾಕಾ, ಕಾಕು ಮತ್ತು ಕೌಸಲ್ಯಾ

ನಮ್ಮ ಕಾಕಾನಿಗೆ ಬರದ ಕೆಲಸ ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳಲ್ಲಿ ಒಂದೂ ಇಲ್ಲ. ಮೊನ್ನೆ ಮೊನ್ನೆಯವರೆಗೆ ಅವನು ಮಾಡುವ ಕೆಲಸವೂ ಒಂದೂ ಇರಲಿಲ್ಲ! ಹೊಲಿಗೆ, ಜೇನು ಸಾಕಣೆ, ಮೊಬೈಲ್ ರಿಪೇರಿ, ಅಣಬೆ ಬೇಸಾಯ, ಮದುಮಗಳ ಅಲಂಕಾರ, ಹೀಗೆ ಕಲಿತದ್ದೆಲ್ಲದರ ಸರ್ಟಿಫಿಕೇಟುಗಳು ಲ್ಯಾಮಿನೇಷನ್ ಆಗಿ ಪಡಸಾಲೆಯ ಗೋಡೆ ತುಂಬ ನೇತಾಡುತ್ತಿವೆ. ಜಾಗ ಸಾಲದೆ ಅವನ ಹೆಂಡತಿ, ನಮ್ಮ ಕಾಕು, ಬಸವಣ್ಣನವರ ಪಟವನ್ನು ಅಡುಗೆಮನೆಗೆ ವರ್ಗ ಮಾಡಿದ್ದಾಳೆ. ಕಾಕಾನ ಹೆಸರು ಮಾತ್ರ ನಾನು ಹೇಳಲಾರೆ. ಹೇಳಿದರೆ ಈ ಪ್ರಬಂಧಕ್ಕೂ ಲ್ಯಾಮಿನೇಷನ್ ಮಾಡಿಸುತ್ತಾನೆ.

ಇದೆಲ್ಲ ಶುರುವಾಗಿ ನಾಲ್ಕು ವರ್ಷವಾಯಿತು. ಅದಕ್ಕೂ ಮೊದಲು ಕಾಕಾ ಆಳಂದದ ಒಂದು ಬೇಳೆ ಮಿಲ್ಲಿನಲ್ಲಿ ಇಪ್ಪತ್ತಾರು ವರ್ಷ ಫಿಟ್ಟರ್ ಆಗಿದ್ದ. ಒಳಗೆ ಯಂತ್ರ ಕೆಮ್ಮಿದರೆ ಯಾವ ಬೇರಿಂಗ್ ಹೋಗಿದೆ ಎಂದು ಅಂಗಳದಲ್ಲಿ ನಿಂತೇ ಹೇಳುತ್ತಿದ್ದ. ಆಮೇಲೆ ಮಿಲ್ಲಿಗೆ ಹೊಸ ಯಂತ್ರಗಳು ಬಂದವು. ಅವುಗಳ ಹಿಂದೆಯೇ ಹೊಸ ಮ್ಯಾನೇಜರ್ ಬಂದ. ಸರ್ಟಿಫಿಕೇಟ್ ಇಲ್ಲದವರು ಯಂತ್ರ ಮುಟ್ಟುವಂತಿಲ್ಲ ಎಂದ. ಫಿಟ್ಟರ್ ಎಂದು ಬರೆದ ಕಾಗದ ತಂದರೆ ಮರುದಿನವೇ ಕೆಲಸಕ್ಕೆ ಬರಬಹುದು ಎಂದೂ ಹೇಳಿ ಕಳಿಸಿದ.

ಆ ಕಾಗದ ಸಿಗುವ ಜಾಗ ದೂರವೇನೂ ಇರಲಿಲ್ಲ. ಜೇವರ್ಗಿಯಲ್ಲಿ ಸರ್ಕಾರವೂ ಒಂದು ಕಂಪನಿಯೂ ಕೂಡಿ ತರಬೇತಿ ಕೇಂದ್ರ ನಡೆಸುತ್ತಿದ್ದವು. ಕಟ್ಟಡ ಸರ್ಕಾರದ್ದು, ಯಂತ್ರ ಕಂಪನಿಯದು. ಬಾಗಿಲಿನ ಎರಡೂ ಕಡೆ ಇಬ್ಬರ ಬೋರ್ಡುಗಳಿದ್ದವು. ಯಾರು ಗಂಡಿನ ಕಡೆಯವರು, ಯಾರು ಹೆಣ್ಣಿನ ಕಡೆಯವರು ಎಂದು ಕೇಳುವ ಹಾಗಿತ್ತು. ಕೆಲಸ ಮೊದಲೇ ಗೊತ್ತಿದ್ದವರಿಗೆ ಅಲ್ಲಿ ತರಗತಿಯ ಗೊಡವೆಯಿಲ್ಲ. ಒಂದು ದಿನ ಹೋಗಿ ಪರೀಕ್ಷೆ ಕೊಟ್ಟು ಬಂದರಾಯಿತು. ಕಾಕಾ ಅದೊಂದನ್ನು ಪಾಸು ಮಾಡಿಕೊಂಡು ಮತ್ತೆ ಮಿಲ್ಲಿಗೆ ಹೋಗಲಿ ಎಂಬುದೇ ಕಾಕುವಿನ ಏಕೈಕ ಆಸೆ. ಯಾಕೆಂದರೆ ಮನೆಯಲ್ಲಿ ಸುಮ್ಮನೆ ಕೂರುವ ವಿದ್ಯೆಗೆ ಸರ್ಕಾರ ಇನ್ನೂ ತರಬೇತಿ ಇಟ್ಟಿಲ್ಲವಲ್ಲ! ಕೂತರೆ ಕಾಕಾನ ಕಾಲು ಅಲುಗಾಡುತ್ತಿತ್ತು. ಎದ್ದರೆ ಮಿಕ್ಸರ್ ಬಿಚ್ಚುತ್ತಿದ್ದ. ಚೆನ್ನಾಗಿ ತಿರುಗುತ್ತಿದ್ದ ಫ್ಯಾನನ್ನು ಮೂರು ಸಲ ಇಳಿಸಿ ಏರಿಸಿದ್ದ. ಆದರೂ ಜೇವರ್ಗಿಗೆ ಮಾತ್ರ ಹೋಗಲೊಲ್ಲ.

ಅವನು ಮೊದಲು ಹೋದದ್ದು ಅಫಜಲಪುರದ ಹೊಲಿಗೆ ತರಬೇತಿಗೆ. ಮೂವತ್ತು ತಲೆ ಕೂಡದೆ ಅಲ್ಲಿ ಬ್ಯಾಚು ಶುರುವಾಗುವಂತಿರಲಿಲ್ಲ. ಇಪ್ಪತ್ತೊಂಬತ್ತು ಹೆಂಗಸರು ಸೇರಿದ್ದರು. ಮೂವತ್ತನೆಯ ತಲೆ, ಮೀಸೆ ಸಮೇತ, ನಮ್ಮ ಕಾಕಾನದು! ಮನೆಯಲ್ಲಿ ಹೇಳಲು ನಾಚಿಕೆಯಾಗಿ, ಕೆಲಸ ಹುಡುಕಲು ಹೋಗುತ್ತೇನೆ ಎಂದು ಹೊರಡುತ್ತಿದ್ದ. ಆ ಕೇಂದ್ರದ ಬೋರ್ಡಿನಲ್ಲಿ 'ಕೌಶಲ್ಯ' ಎಂದು ದೊಡ್ಡದಾಗಿ ಬರೆದಿತ್ತು. ನಮ್ಮ ಕಡೆಯ ನಾಲಿಗೆಯ ಮೇಲೆ ಹಾದು ಬರುವ ಶಕಾರವೆಲ್ಲ ಸಕಾರವಾಗಿಯೇ ಹೊರಬೀಳುತ್ತದೆ. ಅಲ್ಲಿ ಕಾಕಾನನ್ನು ಕಂಡ ಪಕ್ಕದ ಮನೆಯವನು ಕಾಕುವಿಗೆ ಬಂದು ಹೇಳಿದ:

"ನಿಮ್ಮ ಯಜಮಾನ್ರು ದಿನಾ ಕೌಸಲ್ಯಾ ಕಡಿ ಹೋಗಾಕತ್ತಾರ ನೋಡ್ರಿ."

ಆವತ್ತು ಮನೆಯಲ್ಲಿ ಒಲೆ ಹತ್ತಲಿಲ್ಲ. ಮರುದಿನ ಕಾಕು ಸಾಕ್ಷಿಗೆಂದು ನನ್ನನ್ನೂ ಎಳೆದುಕೊಂಡು ಅಫಜಲಪುರದ ಬಸ್ಸು ಹತ್ತಿದಳು. ನಾನು ನರೋಣಾದ ಶಾಲೆಯಲ್ಲಿ ಮಾಸ್ತರಿಣಿ. ಇಂಥ ಕಾರಣಕ್ಕೆ ರಜೆ ಚೀಟಿಯಲ್ಲಿ ಏನೆಂದು ಬರೆಯಬೇಕು ಹೇಳಿ? ಹೋಗಿ ನೋಡಿದರೆ ಕಾಕಾ ಕೊರಳಿಗೆ ಟೇಪು ಹಾಕಿಕೊಂಡು ಕುಪ್ಪಸದ ತೋಳು ಹೊಲಿಯುತ್ತಿದ್ದಾನೆ. ಸುತ್ತ ಹೆಂಗಸರೋ ಹೆಂಗಸರು. ಕಾಕು ಬಾಗಿಲಲ್ಲಿ ನಿಂತು ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ನಿಮ್ಮಾಗ ಕೌಸಲ್ಯಾ ಯಾರ್ರಿ?"

ಮೂರನೆಯ ಸಾಲಿನಲ್ಲಿ ಒಬ್ಬಾಕೆ ಎದ್ದು ನಿಂತಳು! ಪಾಪ, ಆಕೆಯ ಹೆಸರು ನಿಜವಾಗಿಯೂ ಅದೇ ಆಗಿದ್ದರೆ ಆಕೆಯೇನು ಮಾಡಿಯಾಳು? ಕಂಕುಳಲ್ಲಿ ಮೊಮ್ಮಗು ಬೇರೆ. ಶಕಾರ ಸಕಾರಗಳ ವ್ಯತ್ಯಾಸ ತಿಳಿಸಿ ಹೇಳುವುದರಲ್ಲಿ ನನ್ನ ಇಡೀ ವ್ಯಾಕರಣ ಖರ್ಚಾಯಿತು. ಕಡೆಗೆ ಕಾಕು ಸಮಾಧಾನಗೊಂಡು ಕುಪ್ಪಸಕ್ಕೆ ತನ್ನದೇ ಅಳತೆ ಕೊಟ್ಟು ಬಂದಳು. ಕಾಕಾ ಹೊಲಿದೂ ಕೊಟ್ಟ. ಎರಡೂ ತೋಳು ಬಲಗೈಯವೇ ಆಗಿದ್ದವು.

ಆಮೇಲೆ ಜೇನು. ಪೆಟ್ಟಿಗೆಯೊಂದು ಹಿತ್ತಲಿಗೆ ಬಂತು. ತೊಗರಿ ಹೂ ಬಿಟ್ಟ ಕಾಲ. ನೊಣಗಳು ಒಂದು ವಾರ ಕಾಕಾನ ಮುಖ ನೋಡಿದವು, ಆಮೇಲೆ ಯಾರದೋ ಹೊಲದ ಕಡೆಗೆ ಹಾರಿದವು, ಮರಳಿ ಬರಲೇ ಇಲ್ಲ. ಕಾಕಾನಿಗಿಂತ ಮೊದಲು ಅವಕ್ಕೇ ನೌಕರಿ ಸಿಕ್ಕಿತು ಎಂದು ಕಾಕು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಈ ನಡುವೆ ಜೇವರ್ಗಿಯ ಪರೀಕ್ಷೆಗೆ ನಾನು ಮೂರು ಸಲ ಅವನ ಹೆಸರು ಹಚ್ಚಿದೆ. ಒಮ್ಮೆ ಅಣಬೆ ಮೊಳೆಯುವ ದಿನ ಎಂದು ತಪ್ಪಿಸಿಕೊಂಡ. ಒಮ್ಮೆ ಫೋಟೋದಲ್ಲಿ ತನ್ನ ಕಿವಿ ಸರಿಯಾಗಿ ಬಂದಿಲ್ಲ ಎಂದ. ಇನ್ನೊಮ್ಮೆ ಬಸ್‌ಸ್ಟ್ಯಾಂಡಿನವರೆಗೆ ಬಂದು, ಯಡ್ರಾಮಿಯ ಗೆಳೆಯನೊಬ್ಬ ಸಿಕ್ಕನೆಂದು ಅವನ ಜೊತೆ ಹೊರಟೇ ಹೋದ. ನನಗೂ ಸಿಟ್ಟು ಬಂದಿತ್ತು. ನಾಲ್ಕನೆಯ ಸಲ ರಜೆ ಹಾಕಿ, ತೋಳು ಹಿಡಿದು ಬಸ್ಸಿಗೆ ಹತ್ತಿಸಿದೆ.

ಕೂತನೇ? ಇಲ್ಲ. ಬಸ್ಸಿನ ಹಿಂದಿನ ಗಾಲಿಯ ಸದ್ದು ಸರಿಯಿಲ್ಲವೆಂದು ನಾಲ್ಕು ಸಲ ಎದ್ದು ಡ್ರೈವರನ ಹತ್ತಿರ ಹೋದ. ಕೊನೆಗೆ ಕಂಡಕ್ಟರ್ ಕೈ ಮುಗಿದ. "ಕಾಕಾ, ಟಿಕೀಟ ಕೂಡಾಕ ಕೊಟ್ಟೇನ್ರಿ, ತಿರಗ್ಯಾಡಾಕ ಅಲ್ರಿ." ಇಡೀ ಬಸ್ಸು ನಕ್ಕಿತು, ನಾನೂ ನಕ್ಕೆ.

ತರಬೇತಿ ಕೇಂದ್ರದ ಗೇಟಿನ ಮುಂದೆ ಮಾತ್ರ ಕಾಕಾನ ಕಾಲುಗಳು ಒಮ್ಮೆಲೇ ನಿಂತುಬಿಟ್ಟವು. ಹೆಗಲ ಟವೆಲಿನ ಅಂಚನ್ನು ಸುತ್ತುತ್ತ, ಬಿಚ್ಚುತ್ತ ನಿಂತ. ನನಗೆ ತಾಳ್ಮೆ ತಪ್ಪಿತು.

"ಕಾಕಾ, ಹೊಲಿಗಿ ಪರೀಕ್ಷಾಕ್ಕ ಕುಣಕೋತ ಹೋದಿ. ಬರೋ ಕೆಲಸಕ್ಕ ಯಾಕ ಇಷ್ಟ ಅಂಜಾಕತ್ತಿ?"

ಅವನು ನನ್ನ ಮುಖ ನೋಡಲಿಲ್ಲ.

"ಹೊಲಿಗ್ಯಾಗ ಫೇಲಾದ್ರ ಮಂದಿ ನಗ್ತಾರ, ನಾನೂ ನಗ್ತೇನಿ. ಇದ್ರಾಗ ಫೇಲಾದ್ರ, ಇಪ್ಪತ್ತಾರು ವರ್ಷ ನಾ ಏನ ಮಾಡೀನಂತ ಹೇಳ್ಲಿ ಬೇ?"

ನಾಲ್ಕು ವರ್ಷ ಅವನ ಸರ್ಟಿಫಿಕೇಟುಗಳ ಬಗ್ಗೆ ಹಾಸ್ಯ ಮಾಡಿ ಶಾಲೆಯ ಸ್ಟಾಫ್ ರೂಮನ್ನು ನಗಿಸಿದವಳು ನಾನು. ಈ ಅಂಜಿಕೆ ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಬೇಡವಾದರೆ ಮನೆಗೆ ಹೋಗೋಣ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗೆ ಯಾರೋ ಒಂದು ಯಂತ್ರ ಚಾಲೂ ಮಾಡಿದರು. ಕಾಕಾ ತಲೆ ವಾರೆ ಮಾಡಿದ. ಕಿವಿಗೊಟ್ಟ. "ಬೆಲ್ಟ್ ಸೊಟ್ಟ ಕೂಡ್ಸ್ಯಾರ," ಎಂದು ಗೊಣಗಿದವನೇ ನನ್ನನ್ನು ಗೇಟಿನಲ್ಲಿಯೇ ಬಿಟ್ಟು ಒಳಗೆ ನಡೆದುಬಿಟ್ಟ.

ಆಮೇಲಿನ ಎರಡು ತಾಸು ನಾನು ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ತಿರುಗಿದೆ. ವಾಚ್‌ಮನ್ ಎರಡು ಸಲ ಕುರ್ಚಿ ತೋರಿಸಿದ. ಕೂರಲಾಗಲಿಲ್ಲ. ಆ ಮ್ಯಾನೇಜರನ ಮೇಲೆ, ಅವನ ಕಾನೂನಿನ ಮೇಲೆ, ನನ್ನ ನಾಲಿಗೆಯ ಮೇಲೆ, ಎಲ್ಲದರ ಮೇಲೂ ಸಿಟ್ಟು ಬರುತ್ತಿತ್ತು.

ಕಾಕಾ ಹೊರಗೆ ಬಂದಾಗ ಅವನ ಎರಡೂ ಕೈ ಗ್ರೀಸಿನಿಂದ ಕಪ್ಪಾಗಿದ್ದವು. ನಾನು ಕೇಳುವ ಮೊದಲೇ ಹೇಳತೊಡಗಿದ. ಪರೀಕ್ಷೆಗೆಂದೇ ಯಂತ್ರ ಕೆಡಿಸಿ ಇಟ್ಟಿದ್ದರಂತೆ. ಕಂಪನಿಯಿಂದ ಬಂದಿದ್ದ ಹುಡುಗಿ ಸ್ಪ್ಯಾನರ್ ತೋರಿಸಿ ಇದೇನೆಂದು ಕೇಳಿದಳಂತೆ. ಇವನ ಬಾಯಿಗೆ ಮಿಲ್ಲಿನ ಮಂದಿ ಅನ್ನುವ 'ಪಾನಾ' ಎಂದೇ ಬಂತಂತೆ. ಹೋಯಿತು ಅಂದುಕೊಂಡರೆ ಆಕೆ ಸೊಲ್ಲಾಪುರದವಳು; ತನ್ನ ಅಪ್ಪನೂ ಹಾಗೇ ಅನ್ನುತ್ತಾನೆ ಎಂದು ನಕ್ಕಳಂತೆ. ಫಲಿತಾಂಶ ಮಾತ್ರ ಒಂದು ವಾರ ಬಿಟ್ಟು. ನಾನು ಕೈ ತೊಳೆಯಲೆಂದು ನೀರಿನ ಬಾಟಲಿ ಬಗ್ಗಿಸಿದೆ. ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ಬ್ಯಾಡ, ಹಾಂಗ ಇರ್ಲಿ. ನಿಮ್ಮ ಕಾಕು ನೋಡ್ಲಿ."

ಬಸ್ಸಿನಲ್ಲಿ ಆ ಎರಡು ಕೈಗಳನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ನನ್ನ ಹೆಗಲಿಗೆ ತಲೆ ಕೊಟ್ಟು ಆಳಂದದವರೆಗೆ ನಿದ್ದೆ ಮಾಡಿದ.

ಪಾಸಾದ ಸುದ್ದಿ ಮುಂದಿನ ವಾರ ಬಂತು. ಮಿಲ್ಲಿನವರೂ ಕರೆದರು. ಅದೆಲ್ಲ ಆಮೇಲೆ. ಆ ಸಂಜೆ ನಾವು ಹೋದಾಗ ಕಾಕು ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಪಾಸೋ ಫೇಲೋ ಎಂದು ಕೇಳುತ್ತಾಳೆ ಅಂದುಕೊಂಡೆ. ಅವಳು ಕೇಳಲಿಲ್ಲ. ಮಿಲ್ಲಿನಿಂದ ಬಂದ ಗ್ರೀಸಿನ ಕೈಯಿಂದ ಬಾಗಿಲಿಗೆ ಕಲೆಯಾಗುತ್ತದೆ, ನೀರಿನ ಚರಿಗೆಗೆ ಕಲೆಯಾಗುತ್ತದೆ ಎಂದು ಇಪ್ಪತ್ತಾರು ವರ್ಷ ಜಗಳ ತೆಗೆದಿದ್ದವಳು, ಮೊರ ಕೆಳಗಿಟ್ಟು ಎದ್ದು, ಆ ಕಪ್ಪು ಕೈಗಳೆರಡನ್ನೂ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು.

"ಬಂದ್ರೇನ್ರಿ?" ಎಂದಳು.

"ಬಂದೆ," ಎಂದ ಕಾಕಾ.